ರಾಗಿ ಮುದ್ದೆಯೊಳಗಿನ ಬಿಸಿಲು: ಗಿಡದ ಅಡುಗೆ, ಎಲ್ಲರ ಉಸಿರು – ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ವರ್ಷ ವರ್ಷವೂ ಎದುರಾಗುವ ಪ್ರಶ್ನೆಗಳು ಇವು. ಮಕ್ಕಳು ಕೇಳಿದ್ದೇ ಹೆಚ್ಚು. ಅವರ ಮನೆಯವರು, ಹೊಲ ತೋಟ ಇರುವವರು ಕೇಳಿದ್ದೂ ಇವೆ. ದ್ಯುತಿಸಂಶ್ಲೇಷಣೆ, ಉಸಿರಾಟ ಎರಡನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದವರು ತುಂಬ ಜನ. ಆದರೆ ಇವೆರಡೂ ನಮ್ಮ ಅಡುಗೆಮನೆಯಲ್ಲಿ, ಕಣದಲ್ಲಿ, ಕೆರೆಯಲ್ಲಿ ಪ್ರತಿದಿನ ನಡೆಯುತ್ತಿವೆ. ಅಲ್ಲಿಂದಲೇ ಶುರು ಮಾಡಿದರೆ ವಿಷಯ ಬೇಗ ತಲೆಗೆ ಹೋಗುತ್ತದೆ, ಮರೆತೂ ಹೋಗುವುದಿಲ್ಲ.

ದ್ಯುತಿಸಂಶ್ಲೇಷಣೆ, ಉಸಿರಾಟ ಅಂದರೇನು? ಚಿಕ್ಕದಾಗಿ ಹೇಳಿ.

ಹಸಿರು ಎಲೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್, ಬೇರಿನಿಂದ ನೀರು ತೆಗೆದುಕೊಂಡು ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಆಕ್ಸಿಜನ್ ಹೊರಗೆ ಬಿಡುತ್ತದೆ. ಇದು ದ್ಯುತಿಸಂಶ್ಲೇಷಣೆ. ಅದೇ ಸಕ್ಕರೆಯನ್ನು ಜೀವಕೋಶಗಳು ಆಕ್ಸಿಜನ್ ಬಳಸಿ ಹಂತ ಹಂತವಾಗಿ ಒಡೆದು ಶಕ್ತಿ ಪಡೆಯುತ್ತವೆ. ಕಾರ್ಬನ್ ಡೈಆಕ್ಸೈಡ್, ನೀರು ಎರಡೂ ವಾಪಸ್ ಬರುತ್ತವೆ. ಇದು ಉಸಿರಾಟ. ಮೊದಲನೆಯದನ್ನು ಹಸಿರು ಗಿಡಗಳು, ಪಾಚಿಗಳು, ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಮಾಡಬಲ್ಲವು. ಎರಡನೆಯದನ್ನು ಹೆಚ್ಚುಕಡಿಮೆ ಎಲ್ಲ ಜೀವಿಗಳೂ ಮಾಡುತ್ತವೆ. ಗಿಡವೂ ಮಾಡುತ್ತದೆ.

ಗಿಡ ಬೆಳೆಯುವುದು ಮಣ್ಣನ್ನು ತಿಂದು ಅಲ್ವಾ?

ಅಲ್ಲ. ಇದನ್ನು ಮೊದಲು ತೂಕ ಹಾಕಿ ನೋಡಿದವರು ಯಾನ್ ವಾನ್ ಹೆಲ್ಮಾಂಟ್, ಈಗಿನ ಬೆಲ್ಜಿಯಂ ದೇಶದವರು. ಕುಂಡದಲ್ಲಿ 200 ಪೌಂಡ್ ಒಣಮಣ್ಣು ತುಂಬಿ, 5 ಪೌಂಡ್ ತೂಕದ ವಿಲೋ ಗಿಡ ನೆಟ್ಟರು. ಐದು ವರ್ಷ ಬರೀ ನೀರು ಹಾಕಿದರು. ಮರ 169 ಪೌಂಡ್ ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಅಂದರೆ ನಾಲ್ಕು ಚಮಚದಷ್ಟು ಮಣ್ಣು. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವರು ತೀರ್ಮಾನಿಸಿದರು. ಅವರ ಬರಹ ಅಚ್ಚಾಗಿದ್ದು 1648ರಲ್ಲಿ, ಅವರು ತೀರಿಕೊಂಡ ಮೇಲೆ.

ಅವರ ತೂಕ ಸರಿಯಿತ್ತು, ತೀರ್ಮಾನ ಅರ್ಧ ಮಾತ್ರ ಸರಿಯಿತ್ತು. ಗಾಳಿಯ ಪಾಲು ಅವರಿಗೆ ಗೊತ್ತಾಗಲಿಲ್ಲ. ರಾಗಿಯಲ್ಲಿರುವ ಪಿಷ್ಟವನ್ನೇ ತೆಗೆದುಕೊಳ್ಳಿ. ಅದರ ತೂಕದಲ್ಲಿ ಕಾರ್ಬನ್ ಸುಮಾರು 44 ಶೇಕಡಾ, ಆಕ್ಸಿಜನ್ 49 ಶೇಕಡಾ, ಹೈಡ್ರೋಜನ್ 6 ಶೇಕಡಾ. ಕಾರ್ಬನ್, ಆಕ್ಸಿಜನ್ ಎರಡೂ ಲೆಕ್ಕಕ್ಕೆ ಬರುವುದು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ. ನೀರಿನಿಂದ ಬಂದಿರುವುದು ಹೈಡ್ರೋಜನ್ ಮಾತ್ರ. ತಟ್ಟೆಯಲ್ಲಿ ಹಬೆಯಾಡುವ ಮುದ್ದೆಯನ್ನು ನೋಡಿ. ಅದರ ನೀರನ್ನು ಬಿಟ್ಟರೆ ಉಳಿಯುವ ಹಿಟ್ಟಿನ ಬಹುಪಾಲು ಒಂದು ಕಾಲಕ್ಕೆ ಹೊಲದ ಮೇಲೆ ಬೀಸುತ್ತಿದ್ದ ಗಾಳಿ. ಆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಹತ್ತು ಸಾವಿರಕ್ಕೆ ಸುಮಾರು ನಾಲ್ಕು ಪಾಲು ಮಾತ್ರ. ಅಷ್ಟು ತೆಳುವಾಗಿರುವುದನ್ನು ಹಿಡಿದು ಹಿಡಿದು ಎಲೆ ಇಷ್ಟು ಗಟ್ಟಿ ವಸ್ತು ಮಾಡುತ್ತದೆ. ಎಷ್ಟು ವರ್ಷ ಪಾಠ ಮಾಡಿದರೂ ಇದು ನನಗೆ ಹಳತಾಗಿಲ್ಲ.

ಹಾಗಾದರೆ ಗೊಬ್ಬರ ಯಾಕೆ ಹಾಕಬೇಕು?

ಗೊಬ್ಬರ ಗಿಡದ ಊಟವಲ್ಲ, ಅಡುಗೆಗೆ ಬೇಕಾದ ಪಾತ್ರೆ ಪಡಗ ಇದ್ದ ಹಾಗೆ. ಪ್ರೋಟೀನಿಗೆ ಸಾರಜನಕ ಬೇಕು. ಎಲೆಯ ಹಸಿರು ಬಣ್ಣ, ಅಂದರೆ ಕ್ಲೋರೋಫಿಲ್, ಅದರ ಒಂದೊಂದು ಅಣುವಿನ ನಡುವೆಯೂ ಮೆಗ್ನೀಸಿಯಂ ಕೂತಿರುತ್ತದೆ. ರಂಜಕ ಇಲ್ಲದೆ ಶಕ್ತಿಯ ಲೇವಾದೇವಿಯೇ ನಡೆಯುವುದಿಲ್ಲ. ಇವೆಲ್ಲ ಬೇಕಾಗುವುದು ಸ್ವಲ್ಪವೇ, ಆದರೆ ಬೇಕೇ ಬೇಕು. ಸಾರಜನಕ ಕಡಿಮೆಯಾದ ಗಿಡದ ಕೆಳಗಿನ ಎಲೆಗಳು ಹಳದಿಯಾಗುವುದು ಇದಕ್ಕೇ. ಎಲೆ ಹಳದಿಯಾದರೆ ಬಿಸಿಲು ಹಿಡಿಯುವ ಕೈಗಳೇ ಕಡಿಮೆಯಾದವು.

ಎಲೆಯೊಳಗೆ ನಿಜವಾಗಿ ಏನು ನಡೆಯುತ್ತದೆ?

ಎರಡು ಕೆಲಸ ನಡೆಯುತ್ತದೆ. ಮೊದಲನೆಯದು ಬೆಳಕಿನ ಕೆಲಸ. ಜೀವಕೋಶದೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಲ್ಲಿ ಕ್ಲೋರೋಫಿಲ್ ಬೆಳಕನ್ನು ಹೀರುತ್ತದೆ. ಕೆಂಪು, ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹಸಿರನ್ನು ಕಡಿಮೆ. ನಮ್ಮ ಕಣ್ಣಿಗೆ ಎಲೆ ಹಸಿರಾಗಿ ಕಾಣುವುದು ಅದರಿಂದ. ಹೀರಿದ ಬೆಳಕಿನ ಬಲದಿಂದ ನೀರು ಒಡೆಯುತ್ತದೆ. ಆಕ್ಸಿಜನ್ ಹೊರಗೆ ಹೋಗುತ್ತದೆ. ಸಿಕ್ಕ ಶಕ್ತಿ ಎರಡು ಅಣುಗಳಲ್ಲಿ ತಾತ್ಕಾಲಿಕವಾಗಿ ಕೂರುತ್ತದೆ. ಒಂದರ ಹೆಸರು ಎಟಿಪಿ, ಇನ್ನೊಂದು ಎನ್‌ಎಡಿಪಿಎಚ್.

ಎರಡನೆಯದು ಸಕ್ಕರೆ ಕಟ್ಟುವ ಕೆಲಸ. ರುಬಿಸ್ಕೋ ಎಂಬ ಕಿಣ್ವ, ಅಂದರೆ ಜೀವಕೋಶದ ಕ್ರಿಯೆಯನ್ನು ಬೇಗ ನಡೆಸುವ ಪ್ರೋಟೀನ್, ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಐದು ಕಾರ್ಬನ್ ಇರುವ ಅಣುವಿಗೆ ಸೇರಿಸುತ್ತದೆ. ಅಲ್ಲಿಂದ ಮುಂದೆ ಸುತ್ತು ಸುತ್ತಾಗಿ ಸಕ್ಕರೆ ತಯಾರಾಗುತ್ತದೆ. ಈ ಸುತ್ತನ್ನು ಬಿಡಿಸಿ ತೋರಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ರುಬಿಸ್ಕೋ ತುಂಬಾ ನಿಧಾನ. ಒಂದು ಸೆಕೆಂಡಿಗೆ ಬೆರಳೆಣಿಕೆಯಷ್ಟು ಅಣುಗಳನ್ನು ಮಾತ್ರ ಹಿಡಿಯುತ್ತದೆ. ಬೇರೆ ಕಿಣ್ವಗಳು ನೂರು, ಸಾವಿರದ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಹಾಗಾಗಿ ಎಲೆ ರುಬಿಸ್ಕೋವನ್ನು ರಾಶಿ ರಾಶಿ ಇಟ್ಟುಕೊಂಡಿರುತ್ತದೆ. ಭೂಮಿಯ ಮೇಲೆ ಅತಿ ಹೆಚ್ಚು ಇರುವ ಪ್ರೋಟೀನುಗಳಲ್ಲಿ ಅದೂ ಒಂದು.

ಹಳೆಯ ಪುಸ್ತಕಗಳಲ್ಲಿ ಈ ಎರಡನೆಯದನ್ನು ‘ಕತ್ತಲೆಯ ಕ್ರಿಯೆ’ ಎಂದು ಬರೆದಿರುತ್ತಾರೆ. ಆ ಹೆಸರು ಮಕ್ಕಳ ದಾರಿ ತಪ್ಪಿಸುತ್ತದೆ. ಅದಕ್ಕೆ ಬೆಳಕು ನೇರವಾಗಿ ಬೇಡ, ನಿಜ. ಆದರೆ ಬೆಳಕಿನ ಕೆಲಸದಿಂದ ಬಂದ ಎಟಿಪಿ ಬೇಕಲ್ಲ? ಅದು ನಡೆಯುವುದು ಹಗಲಿನಲ್ಲೇ.

ಹೊರಬರುವ ಆಕ್ಸಿಜನ್ ಕಾರ್ಬನ್ ಡೈಆಕ್ಸೈಡಿನದ್ದೇ?

ಅಲ್ಲ, ನೀರಿನದ್ದು. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಜೊತೆಗಾರರು ಮಾಮೂಲಿಗಿಂತ ಭಾರದ, ಹಾಗಾಗಿ ಗುರುತು ಹಿಡಿಯಬಹುದಾದ ಆಕ್ಸಿಜನ್ ಇರುವ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಗಾಳಿಯಲ್ಲಿ ಅದೇ ಭಾರದ ಆಕ್ಸಿಜನ್ ಸಿಕ್ಕಿತು. ನೀವು ಈಗ ಒಳಗೆ ಎಳೆದುಕೊಂಡ ಆಕ್ಸಿಜನ್ ಯಾವುದೋ ಕಾಲದಲ್ಲಿ ನೀರಾಗಿತ್ತು.

ಗಿಡ ಹಗಲು ಆಹಾರ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ. ಸರಿ ತಾನೇ?

ನನ್ನ ತರಗತಿಯಲ್ಲಿ ಅತಿ ಹೆಚ್ಚು ಸಲ ಕೇಳಿದ ತಪ್ಪು ಇದೇ. ದೊಡ್ಡವರೂ ಹೀಗೇ ಹೇಳುತ್ತಾರೆ. ಗಿಡ ಹಗಲೂ ಉಸಿರಾಡುತ್ತದೆ, ರಾತ್ರಿಯೂ ಉಸಿರಾಡುತ್ತದೆ. ಒಂದು ಕ್ಷಣವೂ ಬಿಡುವುದಿಲ್ಲ. ಬಿಟ್ಟರೆ ಸಾಯುತ್ತದೆ, ನಮ್ಮ ಹಾಗೆಯೇ.

ಗೊಂದಲ ಎಲ್ಲಿಂದ ಬಂತು ಅಂದರೆ, ಹಗಲಿನಲ್ಲಿ ಎಲೆ ಬಿಡುವ ಆಕ್ಸಿಜನ್ ಅದು ಬಳಸುವುದಕ್ಕಿಂತ ತುಂಬಾ ಜಾಸ್ತಿ. ಹಾಗಾಗಿ ಹೊರಗಿನಿಂದ ಅಳೆದರೆ ಉಸಿರಾಟ ಮರೆಯಾಗಿಬಿಡುತ್ತದೆ. ರಾತ್ರಿ ಒಂದು ಕೆಲಸ ನಿಂತಾಗ ಇನ್ನೊಂದು ಕಣ್ಣಿಗೆ ಬೀಳುತ್ತದೆ, ಅಷ್ಟೇ. ಬೆಳಗಿನ ಜಾವ, ಸಂಜೆ ಮಬ್ಬು ಬೆಳಕಿನಲ್ಲಿ ಎರಡೂ ಸಮನಾಗುವ ಒಂದು ಹೊತ್ತು ಬರುತ್ತದೆ. ಆಗ ಎಲೆ ಒಟ್ಟಾರೆ ಏನನ್ನೂ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಯಾನ್ ಇಂಗೆನ್‌ಹೌಸ್. 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಮೋಂಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡ ಸರಿ ಮಾಡುತ್ತದೆ ಎಂದು ಕಂಡಿದ್ದರು. 1779ರಲ್ಲಿ ಇಂಗೆನ್‌ಹೌಸ್ ಎರಡು ಮಾತು ಸೇರಿಸಿದರು. ಒಂದು, ಇದಕ್ಕೆ ಬೆಳಕು ಬೇಕು. ಎರಡು, ಹಸಿರು ಭಾಗ ಮಾತ್ರ ಇದನ್ನು ಮಾಡುತ್ತದೆ. ಬೇರು, ಹೂವು, ಹಣ್ಣು ಹಗಲಿನಲ್ಲೂ ಗಾಳಿಯನ್ನು ಕೆಡಿಸುತ್ತವೆ ಎಂದೂ ಅವರು ಬರೆದರು.

ಒಂದು ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ತನ್ನ ಉಸಿರಾಟಕ್ಕೇ ಖರ್ಚು ಮಾಡುತ್ತದೆ. ಉಳಿದದ್ದು ಕಾಂಡ, ಎಲೆ, ಕಾಳು. ರಾತ್ರಿ ಸೆಕೆ ಜಾಸ್ತಿಯಾದರೆ ಈ ಖರ್ಚು ಏರುತ್ತದೆ. ರಾತ್ರಿಯ ಉಷ್ಣಾಂಶ ಹೆಚ್ಚಾದಾಗ ಭತ್ತದ ಇಳುವರಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ಅರಳಿ ಮರ ರಾತ್ರಿಯೂ ಆಕ್ಸಿಜನ್ ಕೊಡುತ್ತದಂತೆ. ಹೌದಾ?

ಇಲ್ಲ. ಆಕ್ಸಿಜನ್ ಬರಬೇಕಾದರೆ ನೀರು ಒಡೆಯಬೇಕು, ನೀರು ಒಡೆಯಬೇಕಾದರೆ ಬೆಳಕು ಬೇಕು. ಇದಕ್ಕೆ ಯಾವ ಮರವೂ ಹೊರತಲ್ಲ. ಅಶ್ವತ್ಥಕಟ್ಟೆಯ ಮೇಲಿನ ನಮ್ಮ ಗೌರವಕ್ಕೆ ಈ ಮಾತು ಬೇಕಾಗಿಯೂ ಇಲ್ಲ. ಅದರ ನೆರಳು, ಹಕ್ಕಿಗಳಿಗೆ ಕೊಡುವ ಹಣ್ಣು, ನೂರಾರು ವರ್ಷದ ಬಾಳು ಸಾಕು.

ಇದರ ಇನ್ನೊಂದು ಮಗ್ಗುಲು, ಮಲಗುವ ಕೋಣೆಯಲ್ಲಿ ಕುಂಡ ಇಡಬಾರದು ಅನ್ನುವ ಭಯ. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಪಕ್ಕದಲ್ಲಿ ಮಲಗಿರುವ ತಮ್ಮನಿಗೆ ಹೆದರದವರು ಕುಂಡದ ಮನಿಪ್ಲಾಂಟಿಗೆ ಹೆದರಬೇಕಿಲ್ಲ. ಅದು ಬಿಡುವುದು ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ಮೂಗಿನಲ್ಲಿ ಗಾಳಿ ಎಳೆದುಕೊಳ್ಳುವುದೇ ಉಸಿರಾಟ ಅಲ್ವಾ?

ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಬಳಸುತ್ತೇವೆ, ಅದರಿಂದ ಈ ಪ್ರಶ್ನೆ. ಎದೆ ಏರಿ ಇಳಿಯುವುದು ಗಾಳಿಯ ಸಾಗಾಣಿಕೆ. ನಿಜವಾದ ಉಸಿರಾಟ ಒಂದೊಂದು ಜೀವಕೋಶದೊಳಗೆ ನಡೆಯುತ್ತದೆ. ಒಳಗೆ ಹೋಗುವ ಗಾಳಿಯಲ್ಲಿ 21 ಶೇಕಡಾ ಆಕ್ಸಿಜನ್ ಇದ್ದರೆ ಹೊರಬರುವುದರಲ್ಲಿ ಸುಮಾರು 16. ಕಾರ್ಬನ್ ಡೈಆಕ್ಸೈಡ್ 0.04ರಿಂದ ಸುಮಾರು 4 ಶೇಕಡಾಕ್ಕೆ ಏರುತ್ತದೆ. ಆ ವ್ಯತ್ಯಾಸವೆಲ್ಲ ಕಾಲಿನ ಬೆರಳಿನಿಂದ ಮೆದುಳಿನವರೆಗಿನ ಕೋಶಗಳ ಕೆಲಸ. ಗಿಡಕ್ಕೆ ಶ್ವಾಸಕೋಶ ಇಲ್ಲ. ಎಲೆಯ ಸಣ್ಣ ರಂಧ್ರಗಳಿಂದ, ತೊಗಟೆಯ ಬಿರುಕುಗಳಿಂದ, ಬೇರಿನ ತುದಿಯಿಂದ ಗಾಳಿ ತಾನೇ ಒಳಗೆ ಹೋಗುತ್ತದೆ.

ಜೀವಕೋಶದಲ್ಲಿ ಸಕ್ಕರೆಯಿಂದ ಶಕ್ತಿ ಹೇಗೆ ಬರುತ್ತದೆ?

ಸಕ್ಕರೆಗೆ ಬೆಂಕಿ ಹಚ್ಚಿದರೂ ಅದೇ ಕಾರ್ಬನ್ ಡೈಆಕ್ಸೈಡ್, ಅದೇ ನೀರು, ಅಷ್ಟೇ ಶಕ್ತಿ ಬರುತ್ತದೆ. ಆದರೆ ಎಲ್ಲ ಒಂದೇ ಸಲ ಬಿಸಿಯಾಗಿ ಹೋಗಿಬಿಡುತ್ತದೆ. ಜೀವಕೋಶ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಒಂದೊಂದು ಮೆಟ್ಟಿಲಿನಲ್ಲೂ ಸ್ವಲ್ಪ ಸ್ವಲ್ಪ ಉಳಿಸಿಕೊಳ್ಳುತ್ತದೆ.

ಮೊದಲು ಆರು ಕಾರ್ಬನ್‌ನ ಗ್ಲೂಕೋಸ್ ಎರಡು ತುಂಡಾಗುತ್ತದೆ. ಇದಕ್ಕೆ ಆಕ್ಸಿಜನ್ ಬೇಡ. ಆಮೇಲೆ ಆ ತುಂಡುಗಳು ಮೈಟೋಕಾಂಡ್ರಿಯ ಎಂಬ ಸಣ್ಣ ಕಣಗಳೊಳಗೆ ಹೋಗುತ್ತವೆ. ಅಲ್ಲಿ ಹಾನ್ಸ್ ಕ್ರೆಬ್ಸ್ 1937ರಲ್ಲಿ ಕಂಡುಹಿಡಿದ ಚಕ್ರದಲ್ಲಿ ಸುತ್ತಿ ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಕಿತ್ತು ತೆಗೆದ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಆಕ್ಸಿಜನ್ನಿಗೆ ಸೇರುತ್ತವೆ. ನಾವು ಆಕ್ಸಿಜನ್ ಎಳೆದುಕೊಳ್ಳುವುದು ಈ ಕೊನೆಯ ಕೈಗಾಗಿ. ಅದು ಇಲ್ಲದಿದ್ದರೆ ಸಾಲು ಪೂರ್ತಿ ನಿಂತುಬಿಡುತ್ತದೆ.

ಎಲೆಕ್ಟ್ರಾನುಗಳು ದಾಟುವಾಗ ಹೈಡ್ರೋಜನ್ ಅಯಾನುಗಳು ಒಂದು ಪೊರೆಯ ಆಚೆ ಬದಿಗೆ ತುಂಬಿಕೊಳ್ಳುತ್ತವೆ. ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ. ವಾಪಸ್ ಬರುವುದಕ್ಕೆ ಒಂದೇ ಕಿಂಡಿ. ಆ ಕಿಂಡಿಯಲ್ಲಿ ಒಂದು ಪ್ರೋಟೀನ್ ಚಕ್ರ ಗಿರಗಿರ ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ. ಅಯಾನುಗಳ ಈ ಅಣೆಕಟ್ಟಿನಿಂದ ಎಟಿಪಿ ಆಗುತ್ತದೆ ಎಂದು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಎಲೆಯಲ್ಲಿ ಬೆಳಕಿನಿಂದ ಎಟಿಪಿ ಆಗುವುದೂ ಇದೇ ಥರದ ಚಕ್ರದಿಂದಲೇ. ಬೆಂಡೆ ಗಿಡಕ್ಕೂ ನಮಗೂ ಇರುವ ನಂಟು ಇಷ್ಟು ಹತ್ತಿರದ್ದು.

ಒಟ್ಟಾರೆ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದಿರುತ್ತದೆ. ಈಗಿನ ಅಳತೆಯಲ್ಲಿ 30ರಿಂದ 32. ಪರೀಕ್ಷೆಗೆ ಮಾತ್ರ ನಿಮ್ಮ ಪುಸ್ತಕದಲ್ಲಿರುವುದನ್ನೇ ಬರೆಯಿರಿ.

ಎಟಿಪಿ ಅಂದರೆ ಏನು? ಸಕ್ಕರೆಯನ್ನೇ ನೇರವಾಗಿ ಬಳಸಬಾರದಾ?

ಸಕ್ಕರೆ ದೊಡ್ಡ ನೋಟು, ಎಟಿಪಿ ಚಿಲ್ಲರೆ. ಸ್ನಾಯು ಎಳೆಯುವುದಕ್ಕೆ, ನರದಲ್ಲಿ ಸುದ್ದಿ ಹೋಗುವುದಕ್ಕೆ ಬೇಕಾಗುವುದು ಚಿಲ್ಲರೆಯೇ. ನಮ್ಮ ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ಅಂದಾಜು 50 ಗ್ರಾಂ. ಅದನ್ನೇ ಖರ್ಚು ಮಾಡಿ, ಮತ್ತೆ ತುಂಬಿ, ಮತ್ತೆ ಖರ್ಚು ಮಾಡಿ, ಒಂದು ದಿನದಲ್ಲಿ ತಿರುಗುವುದು ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು!

ಇದನ್ನು 1929ರಲ್ಲಿ ಸ್ನಾಯುವಿನಿಂದ ಬೇರ್ಪಡಿಸಿದವರಲ್ಲಿ ಒಬ್ಬರು ಯೆಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರದವರು, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ ಮಾಡುತ್ತಿದ್ದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಇದನ್ನು ಕಂಡುಹಿಡಿದರು. ಸುಬ್ಬರಾವ್ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲದಿರುವುದು ನನಗೆ ಬೇಸರದ ವಿಷಯ. ಅದಕ್ಕೇ ಪ್ರತಿವರ್ಷ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಒಂದು ಮುದ್ದೆಯಿಂದ ಎಷ್ಟು ಹೊತ್ತು ನಡೆಯುತ್ತದೆ?

ದಿನಕ್ಕೆ 2000 ಕಿಲೋಕ್ಯಾಲರಿ ಬಳಸುವವರು ಸರಾಸರಿ 100 ವಾಟ್‌ನ ಹಳೇ ಬಲ್ಬಿನಷ್ಟು ಶಕ್ತಿ ಖರ್ಚು ಮಾಡುತ್ತಾರೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕಿಲೋಕ್ಯಾಲರಿ. ಅಷ್ಟು ಹಿಟ್ಟಿನ ಮುದ್ದೆ ಈ ಬಲ್ಬನ್ನು ಮೂರೂಮುಕ್ಕಾಲು ಗಂಟೆ ಉರಿಸುತ್ತದೆ. ಮೈತೂಕದಲ್ಲಿ ಬರೀ 2 ಶೇಕಡಾ ಇರುವ ಮೆದುಳು ಅದರಲ್ಲಿ ಐದನೇ ಒಂದು ಪಾಲು ಎಳೆದುಕೊಳ್ಳುತ್ತದೆ, ಸುಮ್ನೆ ಕೂತಿದ್ದರೂ.

ಆಕ್ಸಿಜನ್ ಇಲ್ಲದೆ ಬದುಕುವ ಜೀವಿಗಳು ಇವೆಯಾ?

ಇವೆ, ನಿಮ್ಮ ಮನೆಯ ದೋಸೆ ಹಿಟ್ಟಿನಲ್ಲೇ ಇವೆ. ರಾತ್ರಿ ರುಬ್ಬಿ ಪಾತ್ರೆಯ ಅರ್ಧಕ್ಕೆ ಇಟ್ಟ ಹಿಟ್ಟು ಬೆಳಗ್ಗೆ ಮುಚ್ಚಳಕ್ಕೆ ಮುಟ್ಟಿರುತ್ತದೆ. ಸೌಟು ಇಳಿಸಿದರೆ ಜಾಲರಿಯಂಥ ಗುಳ್ಳೆಗಳು ಒಡೆಯುವ ಸಣ್ಣ ಸದ್ದು ಕೇಳುತ್ತದೆ, ಹಿಟ್ಟು ಕುಸಿಯುತ್ತದೆ. ಉದ್ದಿನಬೇಳೆಯ ಜೊತೆಗೇ ಬಂದ ಬ್ಯಾಕ್ಟೀರಿಯಾಗಳು ಹಿಟ್ಟಿನೊಳಗೆ ಆಕ್ಸಿಜನ್ ಇಲ್ಲದಿದ್ದರೂ ಸಕ್ಕರೆಯನ್ನು ಒಡೆಯುತ್ತವೆ. ಅವು ಬಿಟ್ಟ ಲ್ಯಾಕ್ಟಿಕ್ ಆಮ್ಲ ಹಿಟ್ಟಿಗೆ ಹುಳಿ ಕೊಡುತ್ತದೆ, ಕಾರ್ಬನ್ ಡೈಆಕ್ಸೈಡ್ ಉಬ್ಬಿಸುತ್ತದೆ, ಉದ್ದಿನ ಅಂಟು ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಲ್ಯೂಕೊನೋಸ್ಟಾಕ್ ಎಂಬುದು ಇವುಗಳಲ್ಲಿ ಮುಖ್ಯವಾದದ್ದು. ಚಳಿಗಾಲದಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತೇವಲ್ಲ, ಈ ಜೀವಿಗಳ ಕೆಲಸಕ್ಕೆ ಬಿಸಿ ಬೇಕು ಅಂತಲೇ.

ಈ ದಾರಿಯಲ್ಲಿ ಒಂದು ಗ್ಲೂಕೋಸ್‌ಗೆ ಸಿಗುವುದು ಒಂದೋ ಎರಡೋ ಎಟಿಪಿ. ಆಕ್ಸಿಜನ್ ಇದ್ದರೆ ಸಿಗುವ 30ರ ಮುಂದೆ ಏನೂ ಅಲ್ಲ. ಉಳಿದ ಶಕ್ತಿಯೆಲ್ಲ ಲ್ಯಾಕ್ಟಿಕ್ ಆಮ್ಲ, ಆಲ್ಕೋಹಾಲ್‌ನಲ್ಲೇ ಉಳಿದುಬಿಡುತ್ತದೆ. ಆಲ್ಕೋಹಾಲ್ ಹತ್ತಿಕೊಂಡು ಉರಿಯುತ್ತದಲ್ಲ, ಅದನ್ನು ಮಾಡಿದ ಯೀಸ್ಟ್ ಎಂಬ ಸೂಕ್ಷ್ಮಜೀವಿ ತಾನು ಬಳಸದೆ ಬಿಟ್ಟ ಶಕ್ತಿ ಅದು.

ಓಡಿದ ಮಾರನೇ ದಿನ ಕಾಲು ನೋಯುವುದು ಲ್ಯಾಕ್ಟಿಕ್ ಆಮ್ಲದಿಂದ ಅಂತಾರೆ.

ಜೋರಾಗಿ ಓಡುವಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಹೆಚ್ಚುವುದು ನಿಜ. ಆದರೆ ನಿಂತ ಒಂದೆರಡು ಗಂಟೆಯೊಳಗೆ ಅದು ಕರಗಿಹೋಗುತ್ತದೆ. ಹೃದಯ, ಯಕೃತ್ತು ಅದನ್ನು ಬಳಸಿಕೊಳ್ಳುತ್ತವೆ. ಮಾರನೇ ದಿನದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯ, ಅದನ್ನು ಮೈ ಸರಿಪಡಿಸಿಕೊಳ್ಳುವ ಕೆಲಸ.

ತೂಕ ಇಳಿದಾಗ ಕೊಬ್ಬು ಎಲ್ಲಿ ಹೋಗುತ್ತದೆ?

‘ಬೆವರಾಗಿ’ ಅನ್ನುವವರು ಜಾಸ್ತಿ, ‘ಬಿಸಿಯಾಗಿ’ ಅನ್ನುವವರೂ ಇದ್ದಾರೆ. ಕೊಬ್ಬಿನ ತೂಕದ ಬಹುಪಾಲು ಹೊರಗೆ ಹೋಗುವುದು ಮೂಗಿನಿಂದ. 10 ಕಿಲೋ ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ 8.4 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೋಗುತ್ತದೆ, 1.6 ಕಿಲೋ ನೀರಾಗುತ್ತದೆ. ಹಾಗಂತ ಸುಮ್ಮನೆ ಕೂತು ಜೋರಾಗಿ ಉಸಿರುಬಿಟ್ಟರೆ ತೂಕ ಇಳಿಯುವುದಿಲ್ಲ, ತಲೆ ಸುತ್ತುತ್ತದೆ. ಕೋಶಗಳು ಕೆಲಸ ಮಾಡಿ ಕೊಬ್ಬನ್ನು ಒಡೆದರೆ ಮಾತ್ರ ಹೊರಗೆ ಹೋಗಲು ಏನಾದರೂ ಇರುತ್ತದೆ.

ಬಯಲುಸೀಮೆಯ ಬಿಸಿಲಿಗೆ ರಾಗಿ, ಜೋಳ ಹೇಗೆ ತಡೆದುಕೊಳ್ಳುತ್ತವೆ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ರುಬಿಸ್ಕೋ ನಿಧಾನ ಅಂದೆ. ಅದಕ್ಕೆ ಇನ್ನೊಂದು ತೊಂದರೆ ಇದೆ. ಕೆಲವು ಸಲ ಕಾರ್ಬನ್ ಡೈಆಕ್ಸೈಡ್ ಬದಲು ಆಕ್ಸಿಜನ್ನನ್ನು ಹಿಡಿದುಬಿಡುತ್ತದೆ. ಆಗ ಮಾಡಿದ ಕೆಲಸ ಹಾಳು, ಸರಿಪಡಿಸಲು ಮತ್ತೆ ಶಕ್ತಿ ಖರ್ಚು. ಬಿಸಿಲು ಏರಿದಷ್ಟೂ ಈ ತಪ್ಪು ಹೆಚ್ಚು. ನೀರು ಉಳಿಸಲು ಎಲೆ ರಂಧ್ರ ಮುಚ್ಚಿಕೊಂಡರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಇನ್ನೂ ಕಷ್ಟ.

ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು ಇದಕ್ಕೆ ಒಂದು ದಾರಿ ಕಂಡುಕೊಂಡಿವೆ. ಎಲೆಯ ಹೊರಗಿನ ಕೋಶಗಳಲ್ಲಿ ಬೇರೆ ಕಿಣ್ವವೊಂದು ಕಾರ್ಬನ್ ಡೈಆಕ್ಸೈಡನ್ನು ಹಿಡಿದು ನಾಲ್ಕು ಕಾರ್ಬನ್‌ನ ಆಮ್ಲ ಮಾಡುತ್ತದೆ. ಈ ಕಿಣ್ವ ಆಕ್ಸಿಜನ್ನಿಗೆ ಮೋಸಹೋಗುವುದಿಲ್ಲ. ಆ ಆಮ್ಲ ಎಲೆನರದ ಸುತ್ತ ಇರುವ ಒಳಕೋಶಗಳಿಗೆ ಹೋಗಿ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅಲ್ಲೇ ರುಬಿಸ್ಕೋ ಕಾದಿರುತ್ತದೆ. ಸುತ್ತಲೂ ಕಾರ್ಬನ್ ಡೈಆಕ್ಸೈಡ್ ದಟ್ಟವಾಗಿರುವುದರಿಂದ ತಪ್ಪು ಮಾಡುವುದು ಬಹಳ ಕಡಿಮೆ. ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲಾಕ್ 1966ರಲ್ಲಿ ಕಬ್ಬಿನ ಎಲೆಯಲ್ಲಿ ಈ ದಾರಿಯನ್ನು ಬಿಡಿಸಿದರು. ಇದಕ್ಕೆ ಸಿ4 ಎಂದು ಹೆಸರು. ಭತ್ತ, ಗೋಧಿ, ತೊಗರಿ, ಅವರೆ, ಶೇಂಗಾ ಹಳೆಯ ದಾರಿಯವು, ಸಿ3.

ಫಲ ಏನೆಂದರೆ, ರಂಧ್ರವನ್ನು ಸ್ವಲ್ಪ ತೆರೆದರೂ ಸಿ4 ಗಿಡಕ್ಕೆ ಬೇಕಾದಷ್ಟು ಕಾರ್ಬನ್ ಸಿಗುತ್ತದೆ. ನೀರು ಉಳಿಯುತ್ತದೆ. ಕೋಲಾರದ ಒಣಹೊಲದಲ್ಲಿ ರಾಗಿ, ಕಲಬುರಗಿ ವಿಜಯಪುರದ ಕಡೆ ಜೋಳ ನಿಂತಿರುವುದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಎಲೆಯೊಳಗಿನ ಈ ಜಾಣತನ ಅದರಲ್ಲಿ ದೊಡ್ಡದು.

ಪಾಪಾಸುಕಳ್ಳಿ, ಲೋಳೆಸರ, ಅನಾನಸ್ ಇನ್ನೊಂದು ಉಪಾಯ ಮಾಡುತ್ತವೆ. ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಕಾರ್ಬನ್ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಹಗಲು ಬಾಗಿಲು ಮುಚ್ಚಿ ಅದರಿಂದ ಸಕ್ಕರೆ ಮಾಡುತ್ತವೆ. ಇವೂ ರಾತ್ರಿ ಆಕ್ಸಿಜನ್ ಬಿಡುವುದಿಲ್ಲ, ಗಮನಿಸಿ.

ನೀರು ನಿಂತರೆ ಗಿಡ ಯಾಕೆ ಸಾಯುತ್ತದೆ? ನೀರು ಬೇಕಲ್ಲ?

ಬೇರಿಗೆ ಉಸಿರು ಕಟ್ಟುತ್ತದೆ. ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಬೇರು ಆಕ್ಸಿಜನ್ ಪಡೆಯುತ್ತದೆ. ಆ ಜಾಗಕ್ಕೆ ನೀರು ತುಂಬಿದರೆ ಆಕ್ಸಿಜನ್ ಒಳಗೆ ಬರುವುದು ತೀರಾ ನಿಧಾನ. ಶಕ್ತಿ ಇಲ್ಲದ ಬೇರು ನೀರನ್ನೂ ಹೀರಲಾರದು. ಅದಕ್ಕೇ ನೀರಿನ ನಡುವೆಯೇ ಗಿಡ ಬಾಡುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯುವುದು ಬೇರಿಗೆ ಗಾಳಿ ಬಿಡಲು.

ಭತ್ತದ ಕಾಂಡದೊಳಗೆ ಗಾಳಿ ಇಳಿಯುವ ಪೊಳ್ಳು ದಾರಿಗಳಿವೆ, ಹಾಗಾಗಿ ಗದ್ದೆಯ ನೀರಿನಲ್ಲಿ ಬದುಕುತ್ತದೆ. ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ ಕೆಲವು ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂಥ ಬೇರುಗಳನ್ನು ಚಾಚುತ್ತವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ನೀರಿನಿಂದ ಎದ್ದು ನಿಂತಿರುತ್ತವೆ. ಉಸಿರಿಗಾಗಿಯೇ ಮೇಲೆ ಬಂದ ಬೇರುಗಳು ಅವು.

ಕೂಡಿಟ್ಟ ಕಾಳೂ ಉಸಿರಾಡುತ್ತದಾ? ಹಗೇವಿಗೆ ಇಳಿದವರು ಸಾಯುವುದು ಯಾಕೆ?

ಕಾಳು ಜೀವಂತ. ನಿಧಾನವಾಗಿ ಉಸಿರಾಡುತ್ತಲೇ ಇರುತ್ತದೆ. ಚೆನ್ನಾಗಿ ಒಣಗಿದ್ದರೆ ತುಂಬಾ ನಿಧಾನ. ಹಲ್ಲಿನಲ್ಲಿ ಕಚ್ಚಿದರೆ ಕಟ್ ಅನ್ನಬೇಕು ಎಂದು ಹಿರಿಯರು ನೋಡುತ್ತಿದ್ದದ್ದು ಈ ಒಣಗನ್ನೇ. ತೇವ ಇದ್ದರೆ ಕಾಳು, ಬೂಷ್ಟು, ಹುಳು ಎಲ್ಲದರ ಉಸಿರಾಟ ಜೋರಾಗುತ್ತದೆ. ಉಸಿರಾಟದಿಂದ ಬಿಸಿ, ನೀರು ಹುಟ್ಟುತ್ತವೆ. ಆ ನೀರಿನಿಂದ ತೇವ ಇನ್ನೂ ಹೆಚ್ಚುತ್ತದೆ. ಚೀಲದೊಳಗೆ ಕೈಹಾಕಿದಾಗ ನಡುವೆ ಬೆಚ್ಚಗಿದ್ದರೆ ಕಾಳು ಕೆಡುತ್ತಿದೆ ಎಂದೇ ಅರ್ಥ. ಕೂಡಲೇ ಹರಡಿ ಒಣಗಿಸಬೇಕು.

ಹಗೇವು ಇದೇ ಉಸಿರನ್ನು ಉಪಯೋಗಕ್ಕೆ ತಂದುಕೊಂಡ ವ್ಯವಸ್ಥೆ. ನೆಲದೊಳಗೆ ಬಾಯಿ ಸಣ್ಣ, ಹೊಟ್ಟೆ ದೊಡ್ಡದಾದ ಗುಂಡಿ. ಒಳಗೆ ಹುಲ್ಲು ಹಾಸಿ ರಾಗಿ ಅಥವಾ ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು, ಹುಳುಗಳು ಉಸಿರಾಡಿ ಆಕ್ಸಿಜನ್ ಮುಗಿಸುತ್ತವೆ, ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುತ್ತದೆ. ಕಾಳಿನ ಉಸಿರು ಮತ್ತಷ್ಟು ನಿಧಾನವಾಗುತ್ತದೆ. ಔಷಧಿ ಹೊಡೆಯದೆ ವರ್ಷಗಟ್ಟಲೆ ಕಾಳು ಉಳಿಯುತ್ತಿತ್ತು.

ಆದರೆ ಬಾಯಿ ತೆರೆದ ಕೂಡಲೇ ಇಳಿದವರಿಗೆ ಆ ಗಾಳಿಯೇ ಸಾವು. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಒಬ್ಬರು ಬಿದ್ದರು ಎಂದು ಎತ್ತಲು ಇಳಿದವರೂ ಬೀಳುತ್ತಾರೆ. ತೆರೆದು ಹೊತ್ತು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಇಳಿಯುವುದು ಹಳೆಯ ಪದ್ಧತಿ. ಈಗ ಅದನ್ನೂ ನಂಬಬೇಡಿ. ಹಾಳು ಬಾವಿ, ಮುಚ್ಚಿದ ತೊಟ್ಟಿ, ಮ್ಯಾನ್‌ಹೋಲ್‌ಗಳಲ್ಲಿ ಹತ್ತಿಕೊಳ್ಳುವ ಅಥವಾ ವಿಷದ ಬೇರೆ ಗಾಳಿಗಳೂ ಇರಬಹುದು. ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ. ಅಗ್ನಿಶಾಮಕ ದಳವನ್ನು ಕರೆಯಿರಿ.

ಕೆರೆಯಲ್ಲಿ ಮೀನುಗಳು ಬೆಳಗಿನ ಜಾವವೇ ಯಾಕೆ ಸಾಯುತ್ತವೆ?

ಕೊಳಚೆ ಸೇರಿದ ಕೆರೆಯಲ್ಲಿ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಹಗಲು ಅದು ಆಕ್ಸಿಜನ್ ಬಿಡುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರಿನಲ್ಲಿ ಆಕ್ಸಿಜನ್ ಜಾಸ್ತಿಯೇ ಇರುತ್ತದೆ. ಸೂರ್ಯ ಮುಳುಗಿದ ಮೇಲೆ ಪಾಚಿ, ಮೀನು, ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಎಲ್ಲರೂ ಉಸಿರಾಡುವವರೇ, ಕೊಡುವವರು ಯಾರೂ ಇಲ್ಲ. ಬೆಳಗಾಗುವ ಮುಂಚೆ ಆಕ್ಸಿಜನ್ ತಳ ಮುಟ್ಟುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ನೀರಿನಲ್ಲಿ ಆಕ್ಸಿಜನ್ ಕುಸಿದದ್ದು ಅದಕ್ಕೆ ಕಾರಣ. ಬೇಸಿಗೆಯ ಬಿಸಿನೀರಿನಲ್ಲಿ ಆಕ್ಸಿಜನ್ ಕರಗುವುದೇ ಕಡಿಮೆ, ಮೇಲಿಂದ ಕೊಳಚೆ. ಕೆರೆಗೆ ಬಿಡುವ ಒಂದೊಂದು ಬಕೆಟ್ ಕೊಳೆನೀರೂ ಮೀನಿನ ಉಸಿರಿನಿಂದ ಕಿತ್ತುಕೊಂಡದ್ದೇ.

ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶವಂತೆ?

ಬಲಿತ ಕಾಡು ತಾನು ಬಿಟ್ಟ ಆಕ್ಸಿಜನ್ನನ್ನು ಹೆಚ್ಚುಕಡಿಮೆ ಪೂರ್ತಿ ತಾನೇ ಬಳಸುತ್ತದೆ. ಮರಗಳ ಉಸಿರಿಗೆ ಒಂದಷ್ಟು, ಬಿದ್ದ ಎಲೆ ಕೊಳೆಸುವ ಜೀವಿಗಳಿಗೆ ಉಳಿದದ್ದು. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ನಡೆಯುವುದು ಸಮುದ್ರದಲ್ಲಿ. ಗಾಳಿಯ 21 ಶೇಕಡಾ ಆಕ್ಸಿಜನ್ ಕೋಟ್ಯಂತರ ವರ್ಷಗಳ ಉಳಿತಾಯ. ಕಾಡು ಉಳಿಯಬೇಕಾದದ್ದು ಮಳೆಗಾಗಿ, ಜೀವಿಗಳಿಗಾಗಿ, ಮರದೊಳಗೆ ಹಿಡಿದಿಟ್ಟ ಕಾರ್ಬನ್‌ಗಾಗಿ.

ಕೆಂಪು ಎಲೆಯ ಗಿಡ, ಬಂದಳಿಕೆ, ಅಣಬೆ ಏನು ಮಾಡುತ್ತವೆ?

ಕೆಂಪು ಹರಿವೆಯಲ್ಲೂ ಕ್ಲೋರೋಫಿಲ್ ಇದೆ, ಕೆಂಪಿನ ಕೆಳಗೆ ಮರೆಯಾಗಿದೆ. ಮಾವಿನ ಮರದ ಬಂದಳಿಕೆ ಹಸಿರೆಲೆಯಲ್ಲಿ ಸಕ್ಕರೆ ತಾನೇ ಮಾಡಿಕೊಳ್ಳುತ್ತದೆ, ನೀರು ಮತ್ತು ಲವಣವನ್ನು ಮರದಿಂದ ಕದಿಯುತ್ತದೆ. ಅಣಬೆ ಗಿಡವೇ ಅಲ್ಲ. ಕೊಳೆಯುವ ವಸ್ತುವೇ ಅದರ ಊಟ.

ಮನೆಯಲ್ಲೇ ಮಾಡಿ ನೋಡುವ ಪ್ರಯೋಗ ಇದೆಯಾ?

ಎರಡು ಹೇಳುತ್ತೇನೆ. ಎಲೆ ಅಡಿಕೆಗೆ ಹಾಕುವ ಸುಣ್ಣ ಒಂದು ಚಮಚ ತೆಗೆದುಕೊಂಡು ಒಂದು ಲೋಟ ನೀರಿಗೆ ಕಲಸಿ. ರಾತ್ರಿಯಿಡೀ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರನ್ನು ಬಗ್ಗಿಸಿಕೊಂಡು ಸ್ಟ್ರಾದಿಂದ ಮೆಲ್ಲಗೆ ಊದಿ. ಸ್ವಲ್ಪ ಹೊತ್ತಿಗೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ನಿಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ. ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಮಕ್ಕಳು ಸ್ಟ್ರಾದಿಂದ ಎಳೆದುಕೊಳ್ಳದಂತೆ, ಕಣ್ಣಿಗೆ ಸಿಡಿಯದಂತೆ ಪಕ್ಕದಲ್ಲಿ ದೊಡ್ಡವರು ಇರಲೇಬೇಕು.

ಇನ್ನೊಂದಕ್ಕೆ ಹೆಸರುಕಾಳು ಬೇಕು. ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಮೊಳಕೆ ಒಡೆಯುವಾಗ ಗಂಟಿನ ನಡುವೆ ಬೆರಳು ತೂರಿಸಿ ನೋಡಿ, ಬೆಚ್ಚಗಿರುತ್ತದೆ. ಅದನ್ನು ಅಳೆಯಬೇಕಾದರೆ ಒಂದು ಫ್ಲಾಸ್ಕಿಗೆ ಮೊಳಕೆ ಕಾಳು, ಇನ್ನೊಂದಕ್ಕೆ ಬೇಯಿಸಿ ಆರಿಸಿದ ಕಾಳು ಹಾಕಿ. ಬಾಯಿಗೆ ಹತ್ತಿ ತುರುಕಿ ಥರ್ಮಾಮೀಟರ್ ಇಡಿ. ಕೆಲವು ಗಂಟೆಯಲ್ಲಿ ಮೊಳಕೆಯ ಫ್ಲಾಸ್ಕ್ ಬಿಸಿ ಏರುತ್ತದೆ, ಇನ್ನೊಂದು ಏರುವುದಿಲ್ಲ. ಒಂದು ದಿನದೊಳಗೇ ನೋಡಿ ಮುಗಿಸಿ. ಎರಡು ಮೂರು ದಿನ ಬಿಟ್ಟರೆ ಬೇಯಿಸಿದ ಕಾಳಿನ ಫ್ಲಾಸ್ಕೂ ಬಿಸಿಯಾಗುತ್ತದೆ. ಅದು ಕಾಳಿನ ಉಸಿರಲ್ಲ, ಆ ಕಾಳನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳ ಉಸಿರು.